ಗೋಬಿ, ಕೇಕ್, ಇಡ್ಲಿ, ಮೊಟ್ಟೆ: ಊಟದಿಂದ ಕ್ಯಾನ್ಸರ್ ತಡೆಯೋದು ಎಷ್ಟರ ಮಟ್ಟಿಗೆ ಸಾಧ್ಯ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಬಣ್ಣ ಬಳಸಬಾರದು ಎಂದಿತು. ಪರೀಕ್ಷೆಗೆ ಒಯ್ದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಬಂದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಕ್ ಸರದಿ. 235 ಮಾದರಿಗಳಲ್ಲಿ 12ರಲ್ಲಿ ಮಿತಿಮೀರಿದ ಬಣ್ಣ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದ ಹೋಟೆಲ್‌ಗಳ ಸುದ್ದಿ ಬಂತು. ಡಿಸೆಂಬರ್‌ನಲ್ಲಿ ಮೊಟ್ಟೆಯಲ್ಲಿ ನೈಟ್ರೊಫ್ಯೂರಾನ್ ಎಂಬ ಆ್ಯಂಟಿಬಯೋಟಿಕ್ ಔಷಧದ ಅಂಶವಿದೆ ಎಂಬ ವಿಡಿಯೊ ಹರಿದಾಡಿತು. ಮೊಟ್ಟೆ ಸುರಕ್ಷಿತ, ಕ್ಯಾನ್ಸರ್ ಬರುತ್ತದೆ ಎಂಬ ಮಾತು ದಾರಿ ತಪ್ಪಿಸುವಂಥದ್ದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಬೇಕಾಯಿತು.

ಇದರ ನಡುವೆ, 2024ರ ನವೆಂಬರ್‌ನಲ್ಲಿ, ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿಯ ನಾಲ್ಕನೇ ಹಂತದ ಕ್ಯಾನ್ಸರ್ ವಾಸಿಯಾಗಲು ಬೇವು, ಅರಿಶಿನ, ನಿಂಬೆ ನೀರಿನ ಪಥ್ಯವೂ ಕಾರಣ ಎಂದಿದ್ದರು.

ಒಂದು ಕಡೆ ತಿಂದರೆ ಕ್ಯಾನ್ಸರ್ ಬರುತ್ತೆ ಎನ್ನುವ ಸುದ್ದಿ, ಇನ್ನೊಂದು ಕಡೆ ತಿಂದರೆ ಕ್ಯಾನ್ಸರ್ ಹೋಗುತ್ತೆ ಎನ್ನುವ ಸುದ್ದಿ. ಎರಡೂ ಒಂದೇ ಮೊಬೈಲ್‌ಗೆ ಬರುತ್ತವೆ. ಹಾಗಾದ್ರೆ ಯಾವುದನ್ನು ನಂಬೋದು ಎಂದು ಓದುವವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಊಟಕ್ಕೂ ಕ್ಯಾನ್ಸರ್‌ಗೂ ನಂಟು ಇರುವುದು ನಿಜ. ಆದರೆ ಸುದ್ದಿ ಜೋರಾಗಿ ಆಗುವ ಜಾಗದಲ್ಲಿ ಆ ನಂಟು ತೆಳುವಾಗಿದೆ. ಗಟ್ಟಿಯಾಗಿರುವ ಕಡೆ ಸದ್ದೇ ಇಲ್ಲ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ

‘ಕ್ಯಾನ್ಸರ್ ತರುವ ವಸ್ತು’ ಎಂದು ಸುದ್ದಿಯಲ್ಲಿ ಬಂದಾಗ ಅದರ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ಪಟ್ಟಿ. ಫ್ರಾನ್ಸ್‌ನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಹೆಸರು ಐಎಆರ್‌ಸಿ. ಅದು ವಸ್ತುಗಳನ್ನು ಗುಂಪು ಮಾಡುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದ್ದರೆ ಒಂದನೇ ಗುಂಪು. ಬಹುಶಃ ತರಬಹುದು ಎಂದಾದರೆ 2ಎ. ಪುರಾವೆ ಇನ್ನೂ ದುರ್ಬಲವಾಗಿದ್ದರೆ 2ಬಿ. ಏನೂ ಹೇಳಲಾಗದಿದ್ದರೆ ಮೂರನೇ ಗುಂಪು.

ಇಲ್ಲೇ ಎಡವಟ್ಟು ಶುರುವಾಗುತ್ತದೆ. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಯಾವ ಹಾವು ವಿಷದ್ದು ಎಂದು ಪಟ್ಟಿ ಮಾಡಿದ ಹಾಗೆ ಇದು. ಅದು ನಿಮ್ಮ ಹಿತ್ತಿಲಲ್ಲಿ ಇದೆಯಾ, ಕಚ್ಚಿದರೆ ಎಷ್ಟು ವಿಷ ಏರುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

2015ರಲ್ಲಿ ಈ ಸಂಸ್ಥೆ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಒಂದನೇ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ‘ಸಾಸೇಜ್ ತಿನ್ನೋದು ಸಿಗರೇಟು ಸೇದಿದಷ್ಟೇ ಕೆಟ್ಟದ್ದು’ ಎಂದು ಜಗತ್ತಿನ ತುಂಬ ಸುದ್ದಿಯಾಯಿತು. ಲೆಕ್ಕ ನೋಡೋಣ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಏರುತ್ತದೆ. ನೂರು ಜನರಲ್ಲಿ ಐವರಿಗೆ ಬರುತ್ತಿದ್ದ ರೋಗ ಆರು ಜನರಿಗೆ ಬಂದ ಹಾಗೆ. ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸೇದದವರಿಗಿಂತ 15ರಿಂದ 30 ಪಟ್ಟು ಜಾಸ್ತಿ. ಗುಂಪು ಒಂದೇ ಆದರೂ ಎರಡರ ನಡುವಿನ ಅಂತರ ಎಷ್ಟು ನೋಡಿ.

ಬಾಂಬೆ ಮಿಠಾಯಿಯ ರೋಡಮಿನ್-ಬಿ ಈ ಪಟ್ಟಿಯಲ್ಲಿ ಇರುವುದು ಮೂರನೇ ಗುಂಪಿನಲ್ಲಿ. ಮನುಷ್ಯರ ವಿಷಯದಲ್ಲಿ ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ ಎಂದರ್ಥ. ಹಾಗಂತ ನಿಷೇಧ ತಪ್ಪಾಯಿತೇ? ಇಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ. ಆಹಾರಕ್ಕೆ ಬಳಸಲು ಅದಕ್ಕೆ ಅನುಮತಿಯೇ ಇಲ್ಲ. ಮಕ್ಕಳ ಬಾಯಿಗೆ ಹೋಗುವ ತಿಂಡಿಗೆ ಅದನ್ನು ಹಾಕುವುದನ್ನು ತಡೆಯಲು ಕ್ಯಾನ್ಸರ್‌ನ ಪುರಾವೆ ಬೇಕಾಗಿಯೇ ಇಲ್ಲ, ಕಾನೂನು ಸಾಕು. ಗೋಬಿಗೆ ಹಾಕುವ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಬಣ್ಣಗಳ ಕಥೆ ಬೇರೆ. ಅವನ್ನು ಕೆಲವು ತಿನಿಸುಗಳಿಗೆ ಮಿತಿಯೊಳಗೆ ಹಾಕಬಹುದು. ತಪ್ಪು ತಿನಿಸಿಗೆ ಹಾಕಿದರೆ, ಮಿತಿ ಮೀರಿದರೆ ಅಪರಾಧ. ಇಡ್ಲಿಯ ಪ್ಲಾಸ್ಟಿಕ್ ಹಾಳೆಯೂ ಹಾಗೇ. ಬಿಸಿ ಹಬೆಗೆ ಅಗ್ಗದ ಪ್ಲಾಸ್ಟಿಕ್‌ನಿಂದ ರಾಸಾಯನಿಕ ಇಳಿಯುವ ಸಾಧ್ಯತೆ ಇದೆ. ಬಟ್ಟೆ ಹಾಕಿದರೆ ಮುಗಿಯುವ ಕೆಲಸಕ್ಕೆ ಆ ಅಪಾಯ ಯಾಕೆ?

ಅಧಿಕಾರಿಗಳ ಈ ತಪಾಸಣೆ, ದಾಳಿಗಳು ಬೇಕು. ಆದರೆ ಇವುಗಳಿಂದ ರಾಜ್ಯದ ಕ್ಯಾನ್ಸರ್ ಸಂಖ್ಯೆ ಇಳಿಯುತ್ತದೆ ಎಂದುಕೊಂಡರೆ ನಿರಾಸೆಯಾಗುತ್ತದೆ.

ಊಟದ ಪಾಲು ಎಷ್ಟು?

1981ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ಅಮೆರಿಕದ ಕ್ಯಾನ್ಸರ್ ಸಾವುಗಳ ಲೆಕ್ಕ ಹಾಕಿದರು. ಸುಮಾರು 35% ಸಾವುಗಳಿಗೆ ಆಹಾರದ ನಂಟಿರಬಹುದು ಎಂದರು. ಈ 35 ಎಲ್ಲೆಡೆ ಹರಡಿತು. ಅದು 10ರಿಂದ 70ರವರೆಗೆ ಎಷ್ಟಾದರೂ ಇರಬಹುದು ಎಂದು ಅವರೇ ಬರೆದದ್ದು ಮಾತ್ರ ಹರಡಲಿಲ್ಲ.

ನಂತರದ ಲೆಕ್ಕಗಳು ಇನ್ನಷ್ಟು ಬಿಡಿಸಿ ನೋಡಿವೆ. ಬ್ರಿಟನ್ನಿನಲ್ಲಿ 2015ರ ಕ್ಯಾನ್ಸರ್ ಪ್ರಕರಣಗಳನ್ನು ತೆಗೆದುಕೊಂಡು ಮಾಡಿದ ಅಧ್ಯಯನದಲ್ಲಿ ತಂಬಾಕಿನ ಪಾಲು ಸುಮಾರು 15%. ಜಾಸ್ತಿ ತೂಕದ್ದು 6%ಗೂ ಸ್ವಲ್ಪ ಹೆಚ್ಚು. ಮದ್ಯದ್ದು 3%ಗಿಂತ ತುಸು ಜಾಸ್ತಿ, ನಾರಿನಂಶದ ಕೊರತೆಯದ್ದೂ ಅಷ್ಟೇ. ಸಂಸ್ಕರಿಸಿದ ಮಾಂಸದ್ದು 1.5%. ನಮ್ಮ ಊಟ, ನಮ್ಮ ಚಟಗಳು ಬೇರೆ. ಹಾಗಾಗಿ ಈ ಅಂಕಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಊಟ ಮುಖ್ಯ, ಆದರೆ ಯಾವುದೋ ಒಂದು ಪದಾರ್ಥ ತಿಂದು ಅಥವಾ ಬಿಟ್ಟು ಕ್ಯಾನ್ಸರ್ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಕೆಲವು ಕ್ಯಾನ್ಸರ್‌ಗಳಿಗೆ ಊಟದ ಸಂಬಂಧ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಲೆಕ್ಕದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಮೊದಲು. ಗರ್ಭಕಂಠದ ಕ್ಯಾನ್ಸರ್ ಅದರ ಹಿಂದೆ ಇದೆ. ಇದು ಬರುವುದು ಎಚ್‌ಪಿವಿ ಎಂಬ ವೈರಸ್‌ನಿಂದ. ಇದಕ್ಕೆ ಪಥ್ಯ ಏನೂ ಮಾಡಲಾರದು. ಲಸಿಕೆ ಮತ್ತು ತಪಾಸಣೆ ತಡೆಯುತ್ತವೆ.

ನಾರು ಏನು ಮಾಡುತ್ತದೆ?

ಊಟದ ರಕ್ಷಣೆ ನಿಜಕ್ಕೂ ಕಾಣುವ ಜಾಗ ದೊಡ್ಡ ಕರುಳು. ರಾಗಿ, ಜೋಳ, ಕಾಳು, ಸೊಪ್ಪು, ತರಕಾರಿಯ ನಾರನ್ನು ನಮ್ಮ ಹೊಟ್ಟೆ ಜೀರ್ಣ ಮಾಡುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ಬ್ಯೂಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಇದೇ ಆಹಾರ. ಅದು ಉರಿಯೂತವನ್ನು ತಗ್ಗಿಸುತ್ತದೆ. ಜೊತೆಗೆ ನಾರು ಮಲವನ್ನು ಉಬ್ಬಿಸಿ ಬೇಗ ಮುಂದೆ ಸಾಗಿಸುತ್ತದೆ. ಕೆಟ್ಟ ಪದಾರ್ಥಗಳು ಕರುಳಿನ ಗೋಡೆಗೆ ತಾಗಿ ಕೂರುವ ಹೊತ್ತು ಕಡಿಮೆಯಾಗುತ್ತದೆ.

ಇದನ್ನು ತೋರಿಸಿದ ಒಂದು ಪ್ರಯೋಗದ ವರದಿ 2015ರಲ್ಲಿ ಬಂತು. ಅಮೆರಿಕದಲ್ಲಿರುವ ಆಫ್ರಿಕಾ ಮೂಲದವರಿಗೆ ಕರುಳಿನ ಕ್ಯಾನ್ಸರ್ ಜಾಸ್ತಿ. ದಕ್ಷಿಣ ಆಫ್ರಿಕಾದ ಹಳ್ಳಿಗರಿಗೆ ತೀರಾ ಕಡಿಮೆ. ಸಂಶೋಧಕರು ಎರಡೂ ಕಡೆಯಿಂದ 20-20 ಜನರನ್ನು ಆರಿಸಿ, ಎರಡು ವಾರ ಊಟ ಅದಲು ಬದಲು ಮಾಡಿದರು. ಅಮೆರಿಕನ್ನರಿಗೆ ಮೆಕ್ಕೆಜೋಳ, ಕಾಳಿನ ಊಟ. ಅವರ ನಾರಿನ ಸೇವನೆ ದಿನಕ್ಕೆ 14 ಗ್ರಾಂ ಇದ್ದದ್ದು 55 ಗ್ರಾಂಗೆ ಏರಿತು. ಹಳ್ಳಿಗರಿಗೆ ಕೊಬ್ಬು, ಮಾಂಸ ಜಾಸ್ತಿ ಇರುವ ಅಮೆರಿಕದ ಊಟ. ಮೊದಲು ಮತ್ತು ಕೊನೆಗೆ ಕರುಳಿನೊಳಗೆ ಕೊಳವೆ ಇಳಿಸಿ ನೋಡಿದರು. ಅಮೆರಿಕನ್ನರ ಕರುಳಿನ ಉರಿಯೂತ ಇಳಿದಿತ್ತು, ಬ್ಯೂಟಿರೇಟ್ ಏರಿತ್ತು. ಹಳ್ಳಿಗರಲ್ಲಿ ಎಲ್ಲ ಉಲ್ಟಾ. ಇದರಿಂದ ಕ್ಯಾನ್ಸರ್ ನಿಂತಿತು ಎಂದು ಹೇಳುವಂತಿಲ್ಲ, ಎರಡು ವಾರದಲ್ಲಿ ಅದು ತಿಳಿಯುವುದೂ ಇಲ್ಲ. ಆದರೆ ಊಟ ಬದಲಾದರೆ ಕರುಳು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಕಣ್ಣಿಗೆ ಕಂಡಿತು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿದ ದೊಡ್ಡ ವಿಮರ್ಶೆ ಕೂಡ ದಿನಕ್ಕೆ 25ರಿಂದ 29 ಗ್ರಾಂ ನಾರು ಒಳ್ಳೆಯದು ಎಂದಿತು. ಅಷ್ಟು ತಿನ್ನುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆಯ ಜೊತೆ ಕರುಳಿನ ಕ್ಯಾನ್ಸರ್ ಕೂಡ ಕಡಿಮೆ ಕಂಡಿತ್ತು.

ನಮಗೆ ಇದು ದೂರದ ಮಾತಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆಗೆ ಹುರುಳಿಕಾಳು ಸಾರು, ಬಸ್ಸಾರು ಜೊತೆಯಾದರೆ ದಿನದ ಲೆಕ್ಕದಲ್ಲಿ ಅರ್ಧ ಒಂದೇ ಊಟದಲ್ಲಿ ಮುಗಿಯುತ್ತದೆ. ಹಳೆ ಮೈಸೂರಿನ ಮುದ್ದೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ ಹಿಂದೆ ಸರಿದು ಪಾಲಿಶ್ ಅಕ್ಕಿ ಮತ್ತು ಮೈದಾ ಜಾಸ್ತಿಯಾದಾಗ ತಟ್ಟೆಯಿಂದ ಮೊದಲು ಹೋಗುವುದು ಈ ನಾರು. ಅದು ಯಾವ ದಾಳಿಯಲ್ಲೂ ಸಿಕ್ಕಿಬೀಳುವುದಿಲ್ಲ.

ತೂಕದ ಮಾತು

ಜಾಸ್ತಿ ತೂಕಕ್ಕೆ 13 ಬಗೆಯ ಕ್ಯಾನ್ಸರ್‌ಗಳ ನಂಟಿದೆ ಎಂದು ಐಎಆರ್‌ಸಿ 2016ರಲ್ಲಿ ಹೇಳಿತು. ಕೊಬ್ಬು ಮೈಯಲ್ಲಿ ಸುಮ್ನೆ ಕೂರುವುದಿಲ್ಲ. ಅದು ಈಸ್ಟ್ರೊಜೆನ್ ತಯಾರಿಸುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೈಯಲ್ಲಿ ಈ ಹಾರ್ಮೋನಿನ ಮುಖ್ಯ ಮೂಲ ಕೊಬ್ಬೇ. ಅದು ಹೆಚ್ಚಾದರೆ ಸ್ತನ ಮತ್ತು ಗರ್ಭಕೋಶದ ಒಳಪದರದ ಕೋಶಗಳು ಬೆಳೆಯಲು ಕುಮ್ಮಕ್ಕು ಸಿಗುತ್ತದೆ. ಇನ್ಸುಲಿನ್ ಏರುತ್ತದೆ, ಅದೂ ಕೋಶಗಳ ಬೆಳವಣಿಗೆಗೆ ನೆರವಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ 30% ಜನರಿಗೆ ತೂಕ ಜಾಸ್ತಿ ಇದೆ, ಗಂಡಸರಿಗೂ ಹೆಂಗಸರಿಗೂ. ‘ಸಕ್ಕರೆ ತಿಂದರೆ ಕ್ಯಾನ್ಸರ್’ ಎಂಬ ಮಾತಿನಲ್ಲಿ ಉಳಿಯುವ ನಿಜ ಇಷ್ಟೇ: ಸಕ್ಕರೆ ತೂಕ ಏರಿಸುತ್ತದೆ, ತೂಕ ಅಪಾಯ ಏರಿಸುತ್ತದೆ.

ಮಾತ್ರೆ ಯಾಕೆ ಸೋತಿತು?

ತರಕಾರಿ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂದಾದರೆ ಅದರ ಸಾರವನ್ನು ಮಾತ್ರೆ ಮಾಡಿ ಕೊಡಬಹುದಲ್ಲ? ಈ ಯೋಚನೆ ಹಿಡಿದು ಫಿನ್ಲೆಂಡ್‌ನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿಯಾಗಿತ್ತು. ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲೂ ಹೀಗೇ ಆಗಿ ಅದನ್ನು ಅರ್ಧದಲ್ಲೇ ನಿಲ್ಲಿಸಿದರು.

ಕ್ಯಾರೆಟ್ ಬೇರೆ, ಅದರಿಂದ ಹಿಂಡಿ ತೆಗೆದ ಒಂದು ಅಂಶ ದೊಡ್ಡ ಪ್ರಮಾಣದಲ್ಲಿ ಮೈಗೆ ಇಳಿದಾಗ ಆಗುವುದೇ ಬೇರೆ. ಇನ್ನೊಂದು ಕಾರಣವೂ ಇದೆ. ತರಕಾರಿ ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಕಮ್ಮಿ ಸೇದುತ್ತಾರೆ, ಓಡಾಡುತ್ತಾರೆ, ಡಾಕ್ಟರ ಹತ್ತಿರ ಬೇಗ ಹೋಗುತ್ತಾರೆ. ಲಾಭ ಯಾವುದರಿಂದ ಬಂತು ಎಂದು ಬಿಡಿಸುವುದು ಕಷ್ಟ. ಆಹಾರದ ಸಂಶೋಧನೆಗಳು ಇವತ್ತು ಒಂದು, ನಾಳೆ ಒಂದು ಹೇಳಿದಂತೆ ಕಾಣುವುದು ಬಹುಪಾಲು ಇದರಿಂದಲೇ. ಕಾಫಿಯನ್ನೇ ನೋಡಿ. ಅದು ಹಿಂದೆ 2ಬಿ ಗುಂಪಿನಲ್ಲಿತ್ತು, 2016ರಲ್ಲಿ ಅಲ್ಲಿಂದ ಕೈಬಿಟ್ಟರು. ಈಗ ಅನುಮಾನ ಇರುವುದು 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಪಾನೀಯಗಳ ಮೇಲೆ.

ತಡೆಯೋದು ಬೇರೆ, ವಾಸಿ ಮಾಡೋದು ಬೇರೆ

ಸಿಧು ಅವರ ಮಾತು ಹರಡಿದ ಎರಡೇ ದಿನದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ 262 ಕ್ಯಾನ್ಸರ್ ತಜ್ಞರು ಹೇಳಿಕೆ ಕೊಟ್ಟರು. ಅರಿಶಿನ, ಬೇವು ಕ್ಯಾನ್ಸರ್ ವಾಸಿ ಮಾಡುತ್ತವೆ ಎಂಬುದಕ್ಕೆ ಪುರಾವೆ ಇಲ್ಲ, ಚಿಕಿತ್ಸೆ ತಡ ಮಾಡಬೇಡಿ ಎಂದರು. ಸಿಧು ಅವರ ಪತ್ನಿಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಎರಡೂ ಆಗಿತ್ತು. ಪಥ್ಯವನ್ನೂ ಡಾಕ್ಟರ ಸಲಹೆಯಂತೆಯೇ ಮಾಡಿದ್ದು ಎಂದು ಸಿಧು ಆಮೇಲೆ ವಿವರಿಸಿದರು. ಆ ವಿವರಣೆ ಮೊದಲ ವಿಡಿಯೊದಷ್ಟು ದೂರ ಹೋಗಲಿಲ್ಲ.

ನಾರು ಹತ್ತಾರು ವರ್ಷ ಕೋಶಗಳನ್ನು ಕಾಯುತ್ತದೆ. ಕೋಶ ಕೆಟ್ಟು ಗಡ್ಡೆಯಾದ ಮೇಲೆ ಅದರ ಕೆಲಸ ಮುಗಿದಿರುತ್ತದೆ. ಉಪವಾಸ ಮಾಡಿ ಗಡ್ಡೆಯನ್ನು ಸೊರಗಿಸುತ್ತೇನೆ ಎಂದು ಹೊರಟರೆ ಸೊರಗುವುದು ರೋಗಿ. ಕಿಮೊ ತಡೆದುಕೊಳ್ಳಲು ಮೈಯಲ್ಲಿ ಶಕ್ತಿ ಬೇಕು, ಮೊಟ್ಟೆ, ಬೇಳೆ, ಹಾಲಿನ ಪ್ರೋಟೀನ್ ಬೇಕು. ಮೊದಲ ಹಂತದಲ್ಲಿ ಸಿಕ್ಕ ಕ್ಯಾನ್ಸರ್ ಪಥ್ಯದ ಹೆಸರಲ್ಲಿ ಕೆಲವು ತಿಂಗಳು ಕಳೆದರೆ ಮುಂದಿನ ಹಂತಕ್ಕೆ ಜಾರಬಹುದು. ಆ ನಷ್ಟವನ್ನು ಯಾವ ಅರಿಶಿನವೂ ತುಂಬಿಕೊಡದು.

ಸದ್ದಿಲ್ಲದ ಅಪಾಯಗಳು

ಮದ್ಯ 1988ರಿಂದಲೇ ಒಂದನೇ ಗುಂಪಿನಲ್ಲಿದೆ. ಮೈಯಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಆಗುತ್ತದೆ, ಅದು ಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ, ಹೀಗೆ ಏಳು ಕಡೆ ಅಪಾಯ ಏರುತ್ತದೆ. ಜೊತೆಗೆ ತಂಬಾಕೂ ಸೇರಿದರೆ ಬಾಯಿ, ಗಂಟಲಿನ ಅಪಾಯ ಹಲವು ಪಟ್ಟಾಗುತ್ತದೆ.

ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಯಕೃತ್ತಿನ ಕ್ಯಾನ್ಸರ್‌ಗೆ ಅದು ಖಚಿತ ಕಾರಣ. ಹುರಿದರೂ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ಬಿಸಾಡುವುದು, ಕಾಳನ್ನು ಚೆನ್ನಾಗಿ ಒಣಗಿಸಿ ಇಡುವುದು ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸ. ಕ್ಯಾನ್ಸರ್ ತಡೆಯುವ ಅಡುಗೆಮನೆ ಕೆಲಸಗಳಲ್ಲಿ ಇಷ್ಟು ಗಟ್ಟಿ ಪುರಾವೆ ಇರುವುದು ಕಡಿಮೆ.

ಅಡಿಕೆ: ಹೇಳಲು ಕಷ್ಟವಾದ ಮಾತು

ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಈಗ ಅಂಗಡಿಯಲ್ಲಿ ಸಿಗುವುದು ಎರಡು ಚೀಟಿ. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಕೊಂಡವರು ಎರಡನ್ನೂ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಅಲ್ಲಾಡಿಸಿ, ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ಖಾರ ತಿಂದರೆ ಉರಿಯಲು ಶುರುವಾಗುತ್ತದೆ. ಕೆನ್ನೆಯ ಒಳಮೈ ಬಿಳಿಚಿ, ಬಿಗಿಯಾಗಿ, ನಾರು ಕಟ್ಟುತ್ತದೆ. ಬಾಯಿಯಲ್ಲಿ ಮೂರು ಬೆರಳು ಉದ್ದಕ್ಕೆ ಹಿಡಿಸುತ್ತಿದ್ದ ಜಾಗಕ್ಕೆ ಎರಡು, ಆಮೇಲೆ ಒಂದೇ ಹಿಡಿಸುತ್ತದೆ. ಇಂಥ ಬಾಯಿ ಕ್ಯಾನ್ಸರ್‌ಗೆ ತಿರುಗುವ ಅಪಾಯ ಜಾಸ್ತಿ.

ಐಎಆರ್‌ಸಿ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಅಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳು ಸುಮಾರು 1.2 ಲಕ್ಷ. ಅದರಲ್ಲಿ 83 ಸಾವಿರಕ್ಕೂ ಹೆಚ್ಚು ಭಾರತದಲ್ಲೇ.

ತಂಬಾಕಿನ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅಡಿಕೆಯ ಬಗ್ಗೆ. 2004ರಲ್ಲಿ ಐಎಆರ್‌ಸಿ ತಂಬಾಕಿಲ್ಲದ ಅಡಿಕೆಯನ್ನೂ ಒಂದನೇ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಮಲೆನಾಡು, ಕರಾವಳಿಯ ಲಕ್ಷಾಂತರ ಕುಟುಂಬಗಳ ಬದುಕು ಇದರ ಮೇಲಿದೆ. ಬೆಳೆಗಾರರು ಮತ್ತು ಅವರ ಸಂಘಟನೆಗಳು ಕೇಳುವ ಪ್ರಶ್ನೆ ಸರಳ. ದೇವರ ಮುಂದೆ ಇಡುವ, ಶುಭಕಾರ್ಯಕ್ಕೆ ಕೊಡುವ, ಊಟದ ಮೇಲೆ ಹಾಕುವ ಕವಳವನ್ನು ಗುಟ್ಕಾದ ಜೊತೆ ಯಾಕೆ ಸೇರಿಸುತ್ತೀರಿ? ಕಲಬೆರಕೆ ಚೀಟಿಯ ಪಾಪವನ್ನು ಶುದ್ಧ ಅಡಿಕೆಯ ತಲೆಗೆ ಯಾಕೆ ಕಟ್ಟುತ್ತೀರಿ? ಈ ಒತ್ತಾಯದ ಮೇಲೆ ಕೇಂದ್ರ ಸರ್ಕಾರ ಹೊಸ ಸಂಶೋಧನೆಗೆ ಮುಂದಾಗಿದೆ.

ಪ್ರಶ್ನೆ ನ್ಯಾಯವಾದದ್ದು. ಉತ್ತರದ ಒಂದು ಭಾಗ ತೈವಾನ್‌ನಿಂದ ಬಂದಿದೆ. ಅಲ್ಲಿನವರು ಅಡಿಕೆ ಅಗಿಯುವಾಗ ತಂಬಾಕು ಸೇರಿಸುವುದಿಲ್ಲ. ಆದರೂ ಅಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ಸಿಗರೇಟು, ಮದ್ಯದ ಪ್ರಭಾವವನ್ನು ಲೆಕ್ಕದಿಂದ ತೆಗೆದರೂ ಅಪಾಯ ಉಳಿಯುತ್ತದೆ. ದಿನಕ್ಕೆ ಜಾಸ್ತಿ ಸಲ, ಜಾಸ್ತಿ ವರ್ಷ ಅಗಿದಷ್ಟೂ ಅದು ಏರುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಸುಣ್ಣದ ಜೊತೆ ಸೇರಿ ಬಾಯಿಯ ಪದರವನ್ನು ಮತ್ತೆ ಮತ್ತೆ ಕೆಣಕುತ್ತದೆ, ಬಾಯಿ ಬಿಗಿಯುವ ಕಾಯಿಲೆಗೆ ಮುಖ್ಯ ಕಾರಣವೇ ಅಡಿಕೆ. ಹಬ್ಬಕ್ಕೊಮ್ಮೆ ಹಾಕಿದ ಕವಳವೂ ದಿನವಿಡೀ ಕೆನ್ನೆಯಲ್ಲಿ ಇಟ್ಟ ಚೀಟಿಯೂ ಒಂದೇ ಅಲ್ಲ, ನಿಜ. ಆದರೆ ಅಡಿಕೆ ನಿರಪಾಯ ಎನ್ನುವ ಮಾತಿಗೆ ಈಗಿರುವ ಪುರಾವೆ ಜೊತೆ ನಿಲ್ಲುವುದಿಲ್ಲ.

ಮುಂದೇನು?

ಬಣ್ಣ, ಪ್ಲಾಸ್ಟಿಕ್ ಮೇಲಿನ ದಾಳಿಗಳು ಮುಂದುವರಿಯಲಿ. ಅದರ ಜೊತೆ ಪಡಿತರದಲ್ಲಿ ರಾಗಿ, ಜೋಳದ ಪಾಲು, ಶಾಲೆಯ ಬಿಸಿಯೂಟದಲ್ಲಿ ಕಾಳು ಮತ್ತು ಸೊಪ್ಪು, ಹುಡುಗಿಯರಿಗೆ ಎಚ್‌ಪಿವಿ ಲಸಿಕೆ, ಊರೂರಿನ ಆರೋಗ್ಯ ಕೇಂದ್ರದಲ್ಲಿ ಬಾಯಿ ತಪಾಸಣೆಗೆ ಸಿಗುವ ಗಮನವೂ ಹೆಚ್ಚಾಗಬೇಕು. ಕ್ಯಾನ್ಸರ್ ಸಂಖ್ಯೆ ಇಳಿಯುವುದು ಇವುಗಳಿಂದ. ಬಾಯಿಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ ಪಥ್ಯದ ವಿಡಿಯೊ ಹುಡುಕದೆ ಡಾಕ್ಟರಿಗೆ ತೋರಿಸಬೇಕು.

ಅಡಿಕೆಯ ಸಂಶೋಧನೆ ಏನೇ ಹೇಳಲಿ, ಬೆಳೆಗಾರರ ಕಷ್ಟ ಅದರಿಂದ ಮುಗಿಯುವುದಿಲ್ಲ. ರಾಜ್ಯದ ಅಡಿಕೆಯ ದೊಡ್ಡ ಪಾಲು ಹೋಗುವುದು ಪಾನ್ ಮಸಾಲ ಕಾರ್ಖಾನೆಗಳಿಗೆ. ಕವಳಕ್ಕೆ ಒಳ್ಳೆಯ ಮಾತು ಬಂದರೂ ಚೀಟಿಗೆ ಬರುವುದಿಲ್ಲ. ಇತ್ತ ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಬಯಲಿನಲ್ಲೂ ಬೋರ್‌ವೆಲ್ ನಂಬಿ ಹೊಸ ತೋಟಗಳು ಏಳುತ್ತಿವೆ. ಇವತ್ತು ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು, ಆಮೇಲೆ ದಶಕಗಳ ಕಾಲ ಕೊಯ್ಲು. ಆ ರೈತರಿಗೆ ಬದಲಿ ಬೆಳೆ, ಬದಲಿ ಮಾರುಕಟ್ಟೆ ಏನು ಎಂಬ ಪ್ರಶ್ನೆಯನ್ನು ಸರ್ಕಾರ ಈಗಲೇ ಕೈಗೆತ್ತಿಕೊಂಡರೆ ಅವರಿಗೆ ತಯಾರಾಗಲು ಸಮಯ ಸಿಗುತ್ತದೆ.